ನ್ಯೂಟ್ ಸತ್ತಳು ಅಂತ ಸಿಟ್ಟು ಬಂದರೆ ಸಿನಿಮಾ ಕೆಟ್ಟದ್ದಾ?

ಪ್ರಶ್ನೆ: ಸರ್, ನಾವು ಶಿರಸಿಯವರು. ಮಳೆಗಾಲದಲ್ಲಿ ವಾರಕ್ಕೊಂದು ರಾತ್ರಿ ನಮ್ಮ ಮನೆಯ ಮಾಳಿಗೆಯಲ್ಲಿ ಗೆಳೆಯರೆಲ್ಲ ಸೇರಿ ಹಳೆಯ ಸೈನ್ಸ್ ಫಿಕ್ಷನ್ ಸಿನಿಮಾ ನೋಡುತ್ತೇವೆ. ‘ಏಲಿಯನ್’, ‘ಏಲಿಯನ್ಸ್’ ಎರಡೂ ಎಲ್ಲರಿಗೂ ಇಷ್ಟವಾದವು. ‘ಏಲಿಯನ್ 3’ ಹಾಕಿದ ದಿನ ಮಾತ್ರ ಜಗಳವೇ ಆಯಿತು. ಎರಡನೆಯದರಲ್ಲಿ ಬದುಕುಳಿದಿದ್ದ ಪುಟ್ಟ ಹುಡುಗಿ ನ್ಯೂಟ್, ಸೈನಿಕ ಹಿಕ್ಸ್ ಇಬ್ಬರನ್ನೂ ಶುರುವಿಗೇ ಸಾಯಿಸಿದ್ದು ನೋಡಿ ಅಣ್ಣ ಅರ್ಧಕ್ಕೇ ಎದ್ದು ಹೋದ. ಇದು ನೋಡುವವರಿಗೆ ಮಾಡಿದ ಮೋಸ ಅಂತ ಅವನ ವಾದ. ಸಿದ್ದಾಪುರದ ಗೆಳೆಯನೊಬ್ಬ, ‘ನಿಜವಾದ ಫ್ಯಾನ್‌ಗೆ ಇದೇ ಮೂರರಲ್ಲಿ ದೊಡ್ಡ ಸಿನಿಮಾ, ನೀವು ನೋಡಿದ್ದು ಕತ್ತರಿಸಿದ್ದು, ಉದ್ದದ್ದು ನೋಡಿ’ ಅನ್ನುತ್ತಾನೆ. ಇನ್ನೊಬ್ಬಳು, ‘ಗ್ರಾಫಿಕ್ಸ್ ಕೆಟ್ಟದಾಗಿದೆ, ಅಷ್ಟೇ ವಿಷಯ’ ಅನ್ನುತ್ತಾಳೆ. ನನಗೆ ಇಷ್ಟವೂ ಆಯಿತು, ಬೇಜಾರೂ ಆಯಿತು. ಯಾರು ಸರಿ? ಉದ್ದದ್ದು ನಿಜಕ್ಕೂ ಬೇರೆಯಾ? ಎರಡನೆಯದಕ್ಕೇ ಕತೆ ಮುಗಿಯಿತು ಅಂದುಕೊಂಡರೆ ತಪ್ಪಾ?

ಉತ್ತರ: ಅಣ್ಣನ ಸಿಟ್ಟಿನಿಂದಲೇ ಶುರು ಮಾಡುತ್ತೇನೆ. ಆ ಸಿಟ್ಟು 1992ರಲ್ಲಿ ಸಿನಿಮಾ ಬಿಡುಗಡೆಯಾದ ದಿನದಿಂದಲೂ ಇದೆ. ಕಾರವಾರದಲ್ಲಿ ನಾವು ಕೆಲವರು ಸೇರಿ ಇದನ್ನು ನೋಡಿದಾಗಲೂ ಆಮೇಲಿನ ಮಾತೆಲ್ಲ ಆ ಹುಡುಗಿಯ ಸುತ್ತಲೇ ಸುತ್ತಿತು. ಎರಡನೇ ಸಿನಿಮಾ ಬರೆದು ನಿರ್ದೇಶಿಸಿದ ಜೇಮ್ಸ್ ಕ್ಯಾಮೆರಾನ್ ಅವರೇ ಈ ಸಾವುಗಳ ಬಗ್ಗೆ ಬೇಸರ ಹೇಳಿಕೊಂಡಿದ್ದಾರೆ. ಹಾಗಾಗಿ ಅಣ್ಣನಿಗೆ ‘ನಿಂಗೆ ಸಿನಿಮಾ ಅರ್ಥ ಆಗಿಲ್ಲ’ ಅಂತ ಯಾರಾದರೂ ಹೇಳಿದ್ದರೆ ಅದನ್ನು ವಾಪಸ್ ತೆಗೆದುಕೊಳ್ಳಲಿ. ಅವನಿಗೆ ಚೆನ್ನಾಗಿಯೇ ಅರ್ಥವಾಗಿದೆ.

ಯಾಕೆ ಇಷ್ಟು ನೋವಾಗುತ್ತದೆ ಅಂತ ತಿಳಿಯಲು ಎರಡನೇ ಸಿನಿಮಾ ಏನು ಕಟ್ಟಿತ್ತು ಅಂತ ನೆನಪು ಮಾಡಿಕೊಳ್ಳಿ. 1979ರಲ್ಲಿ ರಿಡ್ಲಿ ಸ್ಕಾಟ್ ಮಾಡಿದ ಮೊದಲನೆಯದರಲ್ಲಿ ನೌಕೆಯಲ್ಲಿದ್ದದ್ದು ಏಳು ಮಂದಿ. ಇನ್ನೊಂದು ಜೀವದ ಎದೆಯೊಳಗೆ ಬೆಳೆದು ಅದನ್ನು ಸೀಳಿಕೊಂಡು ಹುಟ್ಟುವ ಅನ್ಯಗ್ರಹದ ಪ್ರಾಣಿಯೊಂದು ಅವರ ನಡುವೆ ಬರುತ್ತದೆ. ಉಳಿದದ್ದು ನಾಯಕಿ ರಿಪ್ಲಿ ಮತ್ತು ಅವಳ ಬೆಕ್ಕು. 1986ರ ಎರಡನೆಯದರಲ್ಲಿ ನೌಕೆಯ ಕೊಳವೆಯೊಳಗಿನ ದೀರ್ಘ ನಿದ್ದೆಯಿಂದ ಅವಳು ಎಚ್ಚರಾಗುವಾಗ 57 ವರ್ಷ ಕಳೆದುಹೋಗಿದೆ. ಭೂಮಿಯಲ್ಲಿ ಬಿಟ್ಟುಬಂದಿದ್ದ ಅವಳ ಮಗಳು ಮುದುಕಿಯಾಗಿ ಸತ್ತೂ ಹೋಗಿದ್ದಾಳೆ. ಈ ವಿಷಯ ಹೇಳುವ ದೃಶ್ಯ ಥಿಯೇಟರಿಗೆ ಬಂದ ಪ್ರತಿಯಲ್ಲಿ ಇರಲಿಲ್ಲ, ಆ ಸಿನಿಮಾದ ಉದ್ದದ ಆವೃತ್ತಿಯಲ್ಲಿದೆ. ಅಂಥ ತಾಯಿಗೆ ಯಾರೂ ಇಲ್ಲದ ನ್ಯೂಟ್ ಸಿಗುತ್ತಾಳೆ. ಕೊನೆಗೆ ರಿಪ್ಲಿ ಆ ಹುಡುಗಿಗಾಗಿ ಒಬ್ಬಳೇ ಆ ಪ್ರಾಣಿಗಳ ಗೂಡಿನೊಳಗೆ ಇಳಿಯುತ್ತಾಳೆ. ನ್ಯೂಟ್ ಅವಳನ್ನು ಅಮ್ಮ ಅಂತ ಕರೆಯುತ್ತಾಳೆ. ಗಾಯಗೊಂಡ ಹಿಕ್ಸ್, ಅರ್ಧ ದೇಹ ಉಳಿದ ಯಂತ್ರಮಾನವ ಬಿಷಪ್, ಈ ಇಬ್ಬರು, ನಾಲ್ಕೂ ಜನ ನಿದ್ದೆಗೆ ಹೋಗುವಲ್ಲಿ ಸಿನಿಮಾ ಮುಗಿಯುತ್ತದೆ. ಎರಡೂವರೆ ಗಂಟೆ ನಾವು ಉಸಿರು ಬಿಗಿಹಿಡಿದು ಕೂತದ್ದು ಆ ಹುಡುಗಿ ಬದುಕಲಿ ಅಂತ.

ಮೂರನೆಯದು ಶುರುವಾಗುತ್ತದೆ. ಪರದೆಯ ಮೇಲೆ ಹೆಸರುಗಳು ಬರುತ್ತಿವೆ. ಹೆಸರು ಹೆಸರಿನ ನಡುವೆ ತುಂಡು ತುಂಡು ಚಿತ್ರಗಳು. ಗಾಜು ಬಿರುಕು ಬಿಡುತ್ತದೆ, ಬೆಂಕಿ ಹತ್ತುತ್ತದೆ, ಅಲಾರಾಂ ಕೂಗುತ್ತದೆ, ಪಾರಾಗುವ ಪುಟ್ಟ ನೌಕೆ ಕಳಚಿಕೊಂಡು ಫಿಯೋರಿನಾ 161 ಅನ್ನುವ ಜೈಲು ಗ್ರಹಕ್ಕೆ ಬೀಳುತ್ತದೆ. ನ್ಯೂಟ್ ತಾನು ಮಲಗಿದ್ದ ಕೊಳವೆಯಲ್ಲೇ ನೀರು ತುಂಬಿ ಸತ್ತಳು. ಹಿಕ್ಸ್ ಎದೆಗೆ ಕಬ್ಬಿಣದ ತೊಲೆ ಹೊಕ್ಕು ಸತ್ತ. ಇಬ್ಬರಿಗೂ ಒಂದು ಮಾತಿಲ್ಲ, ಒಂದು ಎಚ್ಚರದ ಕ್ಷಣವಿಲ್ಲ.

ನಮ್ಮ ಕಡೆ ಇಡೀ ರಾತ್ರಿ ಯಕ್ಷಗಾನ ನೋಡಿ ಬೆಳೆದವರಿಗೆ ಈ ಪೆಟ್ಟು ಎಲ್ಲಿ ಬಿತ್ತು ಅಂತ ಬೇಗ ಗೊತ್ತಾಗುತ್ತದೆ. ಅಭಿಮನ್ಯು ಸಾಯುತ್ತಾನೆ ಅಂತ ವೇಷ ಕಟ್ಟುವ ಚೌಕಿ ಹತ್ತಿರ ಆಡುವ ಮಕ್ಕಳಿಗೂ ಗೊತ್ತು. ಆದರೂ ಜನ ಬೆಳಗಿನ ಜಾವದವರೆಗೆ ಕೂರುತ್ತಾರೆ. ಅವನು ಸುಭದ್ರೆಯ ಹತ್ತಿರ ಅಪ್ಪಣೆ ಕೇಳುವುದನ್ನು ನೋಡಬೇಕು, ವ್ಯೂಹದೊಳಗೆ ನುಗ್ಗುವುದನ್ನು ನೋಡಬೇಕು, ಒಬ್ಬೊಬ್ಬರೇ ಸುತ್ತುಗಟ್ಟುವಾಗ ಅವನು ಹೇಗೆ ನಿಲ್ಲುತ್ತಾನೆ ಅಂತ ನೋಡಬೇಕು. ಭಾಗವತರು ಬಂದು ಮೊದಲ ಪದದಲ್ಲೇ ‘ಅಭಿಮನ್ಯು ನಿನ್ನೆಯೇ ಸತ್ತ’ ಅಂತ ಹಾಡಿ ಮುಂದಿನ ಕತೆಗೆ ಹೋದರೆ ಸಭೆ ಸುಮ್ಮನಿರುತ್ತದಾ? ಅಣ್ಣ ಎದ್ದು ಹೋದದ್ದು ಇದಕ್ಕೇ. ಸಾವನ್ನು ಒಪ್ಪದವನಲ್ಲ ಅವನು. ರಂಗದ ಹಿಂದೆ ಆದ ಸಾವನ್ನು ಒಪ್ಪಲಿಲ್ಲ.

ಇಷ್ಟರವರೆಗೆ ನಾನು ಅಣ್ಣನ ಪಕ್ಷ. ಆದರೆ ಅವನು ಎಲ್ಲಿ ಎದ್ದು ಹೋದ ಅಂತ ನನಗೆ ಸಂಶಯವಿದೆ. ಮುಂದಿನ ಅರ್ಧ ಗಂಟೆ ಕೂತಿದ್ದನಾ ಇಲ್ಲವಾ? ಯಾಕೆಂದರೆ ಈ ಸಿನಿಮಾದ ಅತಿ ಒಳ್ಳೆಯ ಭಾಗ ಅಲ್ಲೇ ಇದೆ. ಅದು ಹುಟ್ಟುವುದೂ ಇದೇ ಸಾವುಗಳಿಂದ.

ನಿಧಾನವಾಗಿ ನೋಡೋಣ. ರಿಪ್ಲಿ ಎಚ್ಚರಾಗುತ್ತಾಳೆ. ಕ್ಲೆಮೆನ್ಸ್ ಅನ್ನುವ ಜೈಲಿನ ಡಾಕ್ಟರು ಸುದ್ದಿ ಹೇಳುತ್ತಾನೆ. ಅವಳು ದೊಡ್ಡದಾಗಿ ಅಳುವುದಿಲ್ಲ. ಹುಡುಗಿಯ ದೇಹ ನೋಡಬೇಕು ಅನ್ನುತ್ತಾಳೆ. ನೋಡಿ, ಕೆನ್ನೆ ಮುಟ್ಟಿ, ಆಮೇಲೆ ದೇಹ ಕೊಯ್ದು ಪರೀಕ್ಷೆ ಮಾಡಬೇಕು ಅನ್ನುತ್ತಾಳೆ. ಕಾರಣ ಕೇಳಿದರೆ ಕಾಲರಾ ಇರಬಹುದು ಅಂತ ಸುಳ್ಳು ಹೇಳುತ್ತಾಳೆ. ಅವಳ ನಿಜವಾದ ಭಯ ನಮಗೆ ಗೊತ್ತು: ಆ ಪ್ರಾಣಿಯ ಮರಿ ಹುಡುಗಿಯ ಎದೆಯೊಳಗೆ ಇದ್ದರೆ? ಕೊಯ್ಯುವಾಗ ಕ್ಯಾಮೆರಾ ಜಾಸ್ತಿ ಹೊತ್ತು ಇರುವುದು ರಿಪ್ಲಿಯ ಮುಖದ ಮೇಲೆ. ಎಲುಬು ಕತ್ತರಿಸುವ ಶಬ್ದ ಬರುತ್ತದೆ, ಅವಳ ಕಣ್ಣು ಒಮ್ಮೆ ಮುಚ್ಚಿ ತೆರೆಯುತ್ತದೆ. ಎರಡನೇ ಸಿನಿಮಾದಲ್ಲಿ ಯಾರನ್ನು ಉಳಿಸಲು ಅವಳು ಪ್ರಾಣ ಪಣಕ್ಕಿಟ್ಟಳೋ ಆ ಮಗುವಿನ ಎದೆ ತೆರೆಯಿರಿ ಅಂತ ಅವಳೇ ಹೇಳಬೇಕು. ರಿಪ್ಲಿಯಾಗಿ ನಟಿಸಿದ ಸಿಗೋರ್ನಿ ವೀವರ್ ಅವರ ಅಭಿನಯದಲ್ಲಿ ಇದಕ್ಕಿಂತ ಕಷ್ಟದ ಜಾಗ ಈ ಸರಣಿಯಲ್ಲಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಆಮೇಲೆ ಅಂತ್ಯಕ್ರಿಯೆ. ಬಿಳಿ ಬಟ್ಟೆಯಲ್ಲಿ ಸುತ್ತಿದ ಎರಡು ದೇಹಗಳನ್ನು ಮೇಲಿನಿಂದ ಕುಲುಮೆಯ ಬೆಂಕಿಗೆ ಬಿಡುತ್ತಾರೆ. ಕೈದಿಗಳಲ್ಲೊಬ್ಬ, ಡಿಲ್ಲನ್, ಯಾರೂ ಕೇಳದೆ ಮುಂದೆ ಬಂದು ಮಾತಾಡುತ್ತಾನೆ. ಕೊಲೆ, ಅತ್ಯಾಚಾರ ಮಾಡಿ ಬಂದವರ ಗುಂಪು ಅದು. ಅವರಿಗೆ ಈ ಹುಡುಗಿ ಯಾರೂ ಅಲ್ಲ. ಆದರೂ ಅವನ ಮಾತಿನಲ್ಲಿ ಮರ್ಯಾದೆ ಇದೆ. ಅದೇ ಹೊತ್ತಿಗೆ ಇನ್ನೊಂದು ಕಡೆ ಒಂದು ನಾಯಿಯ ದೇಹ ಒಡೆದು ಆ ಪ್ರಾಣಿ ಹುಟ್ಟುತ್ತಿದೆ. ಒಂದು ಚಿತ್ರ ಬೆಂಕಿಯದ್ದು, ಒಂದು ಹುಟ್ಟಿನದ್ದು, ಎಲಿಯಟ್ ಗೋಲ್ಡೆಂತಾಲ್ ಅವರ ಸಂಗೀತ ಎರಡನ್ನೂ ಕಟ್ಟಿ ಎಳೆಯುತ್ತದೆ. ರಿಪ್ಲಿಯ ಮೂಗಿನಿಂದ ಒಂದು ಹನಿ ರಕ್ತ ಇಳಿಯುತ್ತದೆ. ಅದು ಯಾಕೆ ಅಂತ ಆಗ ಗೊತ್ತಾಗುವುದಿಲ್ಲ, ಅವಳೊಳಗೂ ಒಂದು ಬೆಳೆಯುತ್ತಿದೆ ಅಂತ ಆಮೇಲೆ ತಿಳಿಯುತ್ತದೆ.

ನ್ಯೂಟ್ ಬದುಕಿದ್ದರೆ ಈ ದೃಶ್ಯಗಳು ಇಲ್ಲ. ನಿಮ್ಮ ಮಾಳಿಗೆಯ ಜಗಳ ಮುಗಿಯದೆ ಇರುವುದಕ್ಕೆ ಕಾರಣ ಇದು. ಅಣ್ಣ ಬೈಯುತ್ತಿರುವುದು, ಸಿದ್ದಾಪುರದ ಗೆಳೆಯ ಹೊಗಳುತ್ತಿರುವುದು ಎರಡೂ ಒಂದೇ ಘಟನೆಯನ್ನು. ಸಿನಿಮಾ ಮಾಡಿದ ದೊಡ್ಡ ಅನ್ಯಾಯ ಯಾವುದೋ, ಅದರ ದೊಡ್ಡ ಸಾಧನೆಯೂ ಅದರಿಂದಲೇ ಬಂದಿದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲು ಆಗುವುದಿಲ್ಲ. ನಿಮಗೆ ಇಷ್ಟವೂ ಆಗಿ ಬೇಜಾರೂ ಆದದ್ದು ಗೊಂದಲ ಅಲ್ಲ. ನಾಲ್ವರಲ್ಲಿ ಸಿನಿಮಾವನ್ನು ಇದ್ದ ಹಾಗೆ ನೋಡಿದ್ದು ನೀವೇ.

ಇನ್ನು ಇದು ಹೀಗೇಕಾಯಿತು ಅಂತ ತಿಳಿದರೆ ಜಗಳದ ಅರ್ಧ ಬಿಸಿ ಇಳಿಯುತ್ತದೆ. ಈ ಸಿನಿಮಾಕ್ಕೆ ಬಿಡುಗಡೆಯ ಗಡುವು ಇತ್ತು, ಮುಗಿದ ಕತೆ ಇರಲಿಲ್ಲ. ಹಲವು ಲೇಖಕರು ಬರೆದರು. ನಿರ್ದೇಶಕರು ಬಂದು ಹೋದರು. ಅವರಲ್ಲಿ ವಿನ್ಸೆಂಟ್ ವಾರ್ಡ್ ಅವರ ಕಲ್ಪನೆ ಎಲ್ಲಕ್ಕಿಂತ ವಿಚಿತ್ರ, ನನಗಂತೂ ಎಲ್ಲಕ್ಕಿಂತ ಇಷ್ಟ: ಮರದಿಂದಲೇ ಮಾಡಿದ ಒಂದು ಪುಟ್ಟ ಗ್ರಹ, ಅದರಲ್ಲಿ ಯಂತ್ರಗಳನ್ನು ಬಿಟ್ಟು ಬದುಕುವ ಸನ್ಯಾಸಿಗಳು, ಅವರ ನಡುವೆ ಬಂದು ಬೀಳುವ ರಿಪ್ಲಿ. ಸೆಟ್ ಕೆಲಸ ಶುರುವಾದ ಮೇಲೆ ವಾರ್ಡ್ ಹೊರಗೆ ಹೋದರು. ನಿರ್ಮಾಪಕರಾದ ವಾಲ್ಟರ್ ಹಿಲ್ ಮತ್ತು ಡೇವಿಡ್ ಗೈಲರ್ ಅದನ್ನೇ ತಿದ್ದಿ ಮಠವನ್ನು ಜೈಲು ಮಾಡಿದರು, ಸನ್ಯಾಸಿಗಳನ್ನು ಕೈದಿಗಳು ಮಾಡಿದರು. ತಲೆ ಬೋಳಿಸಿಕೊಂಡು, ಉದ್ದ ಅಂಗಿ ಹಾಕಿಕೊಂಡು, ದೇವರ ಮಾತಾಡುವ ಕೈದಿಗಳು ಎಲ್ಲಿಂದ ಬಂದರು ಅಂತ ನಿಮಗೆ ಅನಿಸಿದ್ದರೆ ಉತ್ತರ ಇಲ್ಲಿದೆ. ಹಳೆಯ ಮಠ ಇನ್ನೂ ಒಳಗೇ ಉಳಿದಿದೆ.

ಇಂಥ ಹೊತ್ತಿನಲ್ಲಿ ಕೈಗೆ ಸಿಕ್ಕವರು ಡೇವಿಡ್ ಫಿಂಚರ್. ಜಾಹೀರಾತು, ಸಂಗೀತ ವಿಡಿಯೋ ಮಾಡಿ ಹೆಸರು ಪಡೆದಿದ್ದ, ಇನ್ನೂ ಮೂವತ್ತು ತುಂಬದ ಹುಡುಗ. ಇದು ಅವರ ಮೊದಲ ಸಿನಿಮಾ. 1991ರಲ್ಲಿ ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ ಚಿತ್ರೀಕರಣ ಶುರುವಾದಾಗ ಚಿತ್ರಕತೆ ಇನ್ನೂ ಬದಲಾಗುತ್ತಲೇ ಇತ್ತು. ಛಾಯಾಗ್ರಾಹಕ ಜೋರ್ಡನ್ ಕ್ರೋನೆನ್ವೆತ್ ಅನಾರೋಗ್ಯದಿಂದ ಶುರುವಿನಲ್ಲೇ ಬಿಡಬೇಕಾಯಿತು, ಅಲೆಕ್ಸ್ ಥಾಮ್ಸನ್ ಬಂದರು. ಸ್ಟುಡಿಯೋದವರಿಗೂ ಫಿಂಚರ್‌ಗೂ ಪ್ರತಿಯೊಂದಕ್ಕೂ ತಿಕ್ಕಾಟ. ಕೊನೆಯ ಎಡಿಟಿಂಗ್ ಮುಗಿಯುವ ಮೊದಲೇ ಅವರು ಹೊರನಡೆದರು. ಆಮೇಲೆ ಈ ಸಿನಿಮಾವನ್ನು ತಮ್ಮದು ಅಂತ ಅವರು ಹೇಳಿಕೊಂಡಿಲ್ಲ. 1995ರಲ್ಲಿ ‘ಸೆವೆನ್’ ಮಾಡಿ ತಾವು ಯಾರು ಅಂತ ತೋರಿಸಿದರು. ಹಾಗಾಗಿ ‘ನಿರ್ದೇಶಕನಿಗೆ ಏನೂ ಬರಲ್ಲ’ ಅನ್ನುವ ವಾದವನ್ನು ಬಿಟ್ಟುಬಿಡಿ, ಅದು ನಿಲ್ಲುವುದಿಲ್ಲ. ಪ್ರಚಾರವೂ ದಾರಿ ತಪ್ಪಿಸಿತು. ಮೊದಲು ಬಂದ ಪುಟ್ಟ ಟ್ರೈಲರ್ ನೋಡಿದವರು ಈ ಸಲ ಪ್ರಾಣಿ ಭೂಮಿಗೇ ಬರುತ್ತದೆ ಅಂದುಕೊಂಡಿದ್ದರು. ಹೋಗಿ ನೋಡಿದರೆ ಬಂದೂಕೇ ಇಲ್ಲದ ಒಂದು ಜೈಲು. ಆ ಜನರ ನಿರಾಸೆಯಲ್ಲಿ ಸ್ವಲ್ಪ ಪಾಲು ಟ್ರೈಲರ್‌ಗೂ ಸೇರಬೇಕು.

ಈಗ ಉದ್ದದ ಆವೃತ್ತಿ. ಇದನ್ನು ‘ಅಸೆಂಬ್ಲಿ ಕಟ್’ ಅನ್ನುತ್ತಾರೆ. 2003ರಲ್ಲಿ ನಾಲ್ಕೂ ಸಿನಿಮಾಗಳ ಡಿವಿಡಿ ಪೆಟ್ಟಿಗೆ ಬಂದಾಗ ಹೊರಬಂತು. ಥಿಯೇಟರಿನ ಪ್ರತಿಗಿಂತ ಸುಮಾರು ಅರ್ಧ ಗಂಟೆ ಜಾಸ್ತಿ ಇದೆ. ಇದು ಫಿಂಚರ್ ಅವರ ಆವೃತ್ತಿ ಅಂತ ನಿಮ್ಮ ಗೆಳೆಯ ಹೇಳಿದ್ದರೆ ಅಷ್ಟು ಮಾತ್ರ ತಿದ್ದಿ. ಅವರು ಇದರಲ್ಲಿ ಕೈ ಹಾಕಲಿಲ್ಲ. ಅವರು ಇದ್ದಾಗಿನ ಹಳೆಯ ಜೋಡಣೆಯನ್ನು ಆಧಾರವಾಗಿ ಇಟ್ಟುಕೊಂಡು ಬೇರೆಯವರು ಸಿದ್ಧಪಡಿಸಿದ್ದು. ಮೊದಲು ಕೆಲವು ಕಡೆ ಮಾತು ಸರಿಯಾಗಿ ಕೇಳುತ್ತಿರಲಿಲ್ಲ. 2010ರ ಬ್ಲೂ-ರೇಗಾಗಿ ಕೆಲವು ನಟರನ್ನು ಕರೆಸಿ ಮತ್ತೆ ಮಾತಾಡಿಸಿದರು. ಹಾಗಾಗಿ ನೋಡುವುದಿದ್ದರೆ ಆಮೇಲಿನದ್ದನ್ನೇ ಹುಡುಕಿ.

ವ್ಯತ್ಯಾಸ ಮೊದಲ ನಿಮಿಷಗಳಲ್ಲೇ ಕಾಣುತ್ತದೆ. ಕ್ಲೆಮೆನ್ಸ್ ಒಬ್ಬನೇ ಸಮುದ್ರ ದಂಡೆಯಲ್ಲಿ ನಡೆಯುತ್ತಾನೆ. ಗಾಳಿ, ಕಪ್ಪು ದಂಡೆ, ತುಕ್ಕು ಹಿಡಿದ ಕ್ರೇನುಗಳು. ದಡಕ್ಕೆ ಬಂದು ಬಿದ್ದ ರಿಪ್ಲಿ ಅವನಿಗೆ ಸಿಗುತ್ತಾಳೆ. ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ ಕಲ್ಲಿದ್ದಲು ಗಣಿಯ ಕಸ ಸುರಿದು ಕಪ್ಪಾಗಿದ್ದ ಬೀಚಿನಲ್ಲಿ ತೆಗೆದ ದೃಶ್ಯ ಇದು. ಕಾರವಾರದಲ್ಲಿ ಇದನ್ನು ತೋರಿಸಿದಾಗ ಒಬ್ಬರು ‘ಅರೇ, ಮಾಜಾಳಿ ತಿಳ್ಮಾತಿ’ ಅಂತ ಕೂಗಿದರು. ನಮ್ಮ ತಿಳ್ಮಾತಿ ಬೀಚಿನ ಮರಳಿನ ಕಪ್ಪು ಪ್ರಕೃತಿಯದ್ದು, ಅಲ್ಲಿಯದ್ದು ಗಣಿಯದ್ದು. ಎತ್ತುಗಳನ್ನು ಕಟ್ಟಿ ಬಿದ್ದ ನೌಕೆಯನ್ನು ನೀರಿನಿಂದ ಎಳೆಯುತ್ತಾರೆ. ನಾಯಿಯ ಬದಲು ಆ ಎತ್ತುಗಳಲ್ಲೊಂದರ ದೇಹದಿಂದ ಪ್ರಾಣಿ ಹುಟ್ಟುತ್ತದೆ. ಇಷ್ಟು ನೋಡುವಾಗಲೇ ಈ ಜನ ಎಲ್ಲಿ, ಹೇಗೆ, ಎಂಥ ಚಳಿಯಲ್ಲಿ ಬದುಕುತ್ತಾರೆ ಅಂತ ಮೈಗೆ ತಾಗುತ್ತದೆ. ಥಿಯೇಟರಿನ ಪ್ರತಿಯಲ್ಲಿ ಈ ಉಸಿರೇ ಇಲ್ಲ.

ಇನ್ನೊಂದು ದೊಡ್ಡ ಸೇರ್ಪಡೆ ಗೋಲಿಕ್‌ನದ್ದು. ಬುದ್ಧಿ ಸ್ಥಿಮಿತ ಇಲ್ಲದ ಈ ಕೈದಿ ಥಿಯೇಟರಿನ ಪ್ರತಿಯಲ್ಲಿ ಅರ್ಧ ದಾರಿಯಲ್ಲಿ ಮಾಯವಾಗುತ್ತಾನೆ. ಅವನಿಗೇನಾಯಿತು ಅಂತ ಯಾರೂ ಹೇಳುವುದಿಲ್ಲ. ಉದ್ದದ್ದರಲ್ಲಿ ಗೊತ್ತಾಗುತ್ತದೆ. ಕೈದಿಗಳೆಲ್ಲ ಸೇರಿ, ಒಬ್ಬ ಪ್ರಾಣ ಕೊಟ್ಟು, ಆ ಪ್ರಾಣಿಯನ್ನು ಒಂದು ಕೋಣೆಯೊಳಗೆ ಕೂಡಿಹಾಕುತ್ತಾರೆ. ಅಂದರೆ ಗೆಲ್ಲುತ್ತಾರೆ! ಗೋಲಿಕ್‌ಗೆ ಮಾತ್ರ ಅದು ಪ್ರಾಣಿಯಾಗಿ ಕಾಣುವುದಿಲ್ಲ, ದೇವರೋ ದೆವ್ವವೋ ಆಗಿ ಕಾಣುತ್ತದೆ. ಕಾವಲಿನವನನ್ನು ಕೊಂದು ಅವನೇ ಬಾಗಿಲು ತೆಗೆಯುತ್ತಾನೆ. ಇದನ್ನು ಕತ್ತರಿಸಿದ್ದು ನನ್ನ ಲೆಕ್ಕದಲ್ಲಿ ದೊಡ್ಡ ತಪ್ಪು. ಗೆದ್ದು ಸೋತವರ ಕತೆಗೂ, ಸುಮ್ನೆ ಓಡಿ ಸಾಯುವವರ ಕತೆಗೂ ಎಷ್ಟು ಅಂತರ ಅಲ್ವಾ? ಕೊನೆಯ ದೃಶ್ಯವೂ ಬೇರೆ. ಎದೆಯೊಳಗಿನ ಮರಿಯೂ ಸಾಯಲಿ ಅಂತ ರಿಪ್ಲಿ ತಾನೇ ಕುಲುಮೆಯ ಬೆಂಕಿಗೆ ಬೀಳುವಾಗ ಥಿಯೇಟರಿನ ಪ್ರತಿಯಲ್ಲಿ ಮರಿ ಎದೆ ಸೀಳಿ ಹೊರಬರುತ್ತದೆ, ಅವಳು ಅದನ್ನು ಹಿಡಿದುಕೊಂಡೇ ಬೀಳುತ್ತಾಳೆ. ಉದ್ದದ್ದರಲ್ಲಿ ಅದು ಬರುವುದಿಲ್ಲ. ಅವಳು ಕೈ ಚಾಚಿ ಬೀಳುತ್ತಾಳೆ, ಅಷ್ಟೇ. ನನಗೆ ಈ ಎರಡನೆಯದೇ ಸರಿ ಅನಿಸುತ್ತದೆ. ನಿರ್ಧಾರ ಅವಳದ್ದು ಅನ್ನುವುದು ಅಲ್ಲಿ ಸ್ಪಷ್ಟ.

ಹಾಗಾದರೆ ಗೆಳೆಯ ಗೆದ್ದನಾ? ಅರ್ಧ. ಉದ್ದದ್ದು ಖಂಡಿತ ಒಳ್ಳೆಯದು, ನೋಡಿದರೆ ಅದನ್ನೇ ನೋಡಿ. ಆದರೆ ಅಣ್ಣನ ದೂರಿಗೆ ಅದರಲ್ಲೂ ಉತ್ತರವಿಲ್ಲ. ಅಲ್ಲೂ ನ್ಯೂಟ್, ಹಿಕ್ಸ್ ಹಾಗೆಯೇ ಸಾಯುತ್ತಾರೆ. ಕೊನೆಯ ಓಟದ ಭಾಗ ಎರಡರಲ್ಲೂ ಗೋಜಲು. ಎಲ್ಲರ ತಲೆ ಬೋಳು, ಎಲ್ಲರದ್ದೂ ಕಂದು ಅಂಗಿ, ಎಲ್ಲಾ ಸುರಂಗವೂ ಒಂದೇ ಥರ. ಯಾರು ಯಾವ ಬಾಗಿಲು ಮುಚ್ಚಬೇಕು, ಯಾರು ಈಗ ಸತ್ತರು ಅಂತ ತಿಳಿಯುವುದಿಲ್ಲ. ಭಯ ಹುಟ್ಟಬೇಕಾದರೆ ಜಾಗ ಗೊತ್ತಿರಬೇಕು. ಮೊದಲ ಸಿನಿಮಾದಲ್ಲಿ ನೌಕೆಯ ಮೂಲೆ ಮೂಲೆ ನಮಗೆ ಗೊತ್ತಿತ್ತು. ಇಲ್ಲಿ ಇಲ್ಲ.

ಕ್ಲೆಮೆನ್ಸ್‌ನ ಸಾವನ್ನೂ ಇಲ್ಲಿ ಹೇಳಬೇಕು. ತಾನು ಕುಡಿದ ಅಮಲಿನಲ್ಲಿ ನೋವಿನ ಔಷಧಿಯನ್ನು ತಪ್ಪು ಪ್ರಮಾಣದಲ್ಲಿ ಕೊಟ್ಟು 11 ಜನರ ಸಾವಿಗೆ ಕಾರಣನಾದ ಕತೆಯನ್ನು ಅವನು ರಿಪ್ಲಿಗೆ ಹೇಳುತ್ತಾನೆ. ಹೇಳಿ ಮುಗಿಸಿ, ನನ್ನ ಮೇಲೆ ಇನ್ನೂ ನಂಬಿಕೆ ಇದೆಯಾ ಅನ್ನುವ ಹಾಗೆ ಸೂಜಿ ಹಿಡಿದು ನಿಲ್ಲುತ್ತಾನೆ. ಅವಳು ಕೈ ಚಾಚುತ್ತಾಳೆ. ಎರಡು ಒಂಟಿ ಜೀವಗಳ ನಡುವೆ ಇಷ್ಟು ನವಿರಾದ ಕ್ಷಣ ಈ ಸರಣಿಯಲ್ಲಿ ಅಪರೂಪ. ಸ್ವಲ್ಪ ಹೊತ್ತಿಗೆ ಪ್ರಾಣಿ ಬಂದು ಅವನನ್ನು ಎಳೆದುಕೊಳ್ಳುತ್ತದೆ. ಆಮೇಲೆ ಅದು ರಿಪ್ಲಿಯ ಕೆನ್ನೆಯ ಹತ್ತಿರ ಮುಖ ತಂದು, ಮುಟ್ಟದೆ ಹೋಗುತ್ತದೆ. ಈ ಸಾವು ನಮ್ಮ ಕಣ್ಣೆದುರು ಆಗುತ್ತದೆ, ಆ ಮನುಷ್ಯನನ್ನು ತಿಳಿದ ಮೇಲೆ ಆಗುತ್ತದೆ. ಅಣ್ಣ ನ್ಯೂಟ್‌ಗೆ, ಹಿಕ್ಸ್‌ಗೆ ಕೇಳಿದ್ದು ಇದನ್ನೇ. ಇವರಿಗೆ ಹೀಗೆ ಮಾಡಲು ಬರುತ್ತಿತ್ತು ಅಂತ ಗೊತ್ತಾದಾಗ ಅವನ ದೂರು ಇನ್ನೂ ಗಟ್ಟಿಯಾಗುತ್ತದೆ.

ಗ್ರಾಫಿಕ್ಸ್ ವಿಷಯ ಬೇಗ ಮುಗಿಸುತ್ತೇನೆ. ಓಡುವ ಪ್ರಾಣಿಯ ಸುತ್ತ ಹಸಿರು ಅಂಚು ಕಾಣುತ್ತದೆ, ನಿಜ. ಆದರೆ ಅದು ಕಂಪ್ಯೂಟರ್ ಚಿತ್ರ ಅಲ್ಲ. ಸರಳುಗಳಿಂದ ಆಡಿಸುವ ಗೊಂಬೆಯನ್ನು ಬೇರೆ ಚಿತ್ರೀಕರಿಸಿ, ಆ ಫಿಲ್ಮನ್ನು ಇನ್ನೊಂದರ ಮೇಲೆ ಕೂರಿಸಿದ್ದು. ಜೋಡಣೆ ಸರಿಯಾಗದ ಕಡೆ ಅಂಚು ಕಾಣುತ್ತದೆ. ಕಂಪ್ಯೂಟರಿನ ಕೆಲಸ ಬಹಳ ಕಡಿಮೆ, ಕೊನೆಯಲ್ಲಿ ತಲೆ ಬಿರುಕು ಬಿಡುವಂಥ ಕಡೆ ಮಾತ್ರ. ಮೊದಲು ಒಂದು ತೆಳ್ಳಗಿನ ಬೇಟೆ ನಾಯಿಗೇ ವೇಷ ಹಾಕಿ ಓಡಿಸಿ ನೋಡಿದ್ದರು. ನೋಡಿದವರಿಗೆ ನಗು ಬಂದು ಅದನ್ನು ಕೈಬಿಟ್ಟರು. ಈ ವಿಷುಯಲ್ ಎಫೆಕ್ಟ್ಸ್‌ಗೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತ್ತು ಅಂತ ನಿಮ್ಮ ಗೆಳತಿಗೆ ಹೇಳಿ. ನಿಮ್ಮ ಟಿವಿಯನ್ನೂ ಒಮ್ಮೆ ನೋಡಿಕೊಳ್ಳಿ. ಬಣ್ಣ ಹೆಚ್ಚಿಸುವ ‘ವಿವಿಡ್’ ಮೋಡ್ ಇದ್ದರೆ ಆ ಅಂಚು ಇನ್ನೂ ಎದ್ದು ಕಾಣುತ್ತದೆ. ‘ಸಿನಿಮಾ’ ಮೋಡ್‌ಗೆ ಹಾಕಿ, ಚಲನೆ ನಯ ಮಾಡುವ ಆಯ್ಕೆ ತೆಗೆಯಿರಿ, ದೀಪ ಆರಿಸಿ. ಮಳೆಗಾಲದಲ್ಲಿ ತಗಡಿನ ಮಾಡಿನ ಶಬ್ದಕ್ಕೆ ಇದರ ಪಿಸುಮಾತುಗಳು ಕೇಳುವುದಿಲ್ಲ, ಸಬ್‌ಟೈಟಲ್ ಹಾಕಿಕೊಳ್ಳಿ.

ಗೆಳೆಯನ ‘ನಿಜವಾದ ಫ್ಯಾನ್’ ಮಾತು ಮಾತ್ರ ನನಗೆ ಸರಿಬರಲಿಲ್ಲ. ಅಣ್ಣನಿಗಿಂತ ನಿಜವಾದ ಫ್ಯಾನ್ ಯಾರು? ಪಾತ್ರ ಸತ್ತದ್ದಕ್ಕೆ ಎದ್ದು ಹೋಗುವಷ್ಟು ಹಚ್ಚಿಕೊಂಡವನು ಅವನು. ಇಷ್ಟಪಟ್ಟವರಷ್ಟೇ ಹಕ್ಕು ಬೇಸರಪಟ್ಟವರಿಗೂ ಇದೆ. ಮುಂದಿನ ಸಲ ಕೂತಾಗ ‘ಒಳ್ಳೆಯದಾ ಕೆಟ್ಟದ್ದಾ’ ಅಂತ ಕೇಳಬೇಡಿ. ಯಾವ ದೃಶ್ಯ, ಯಾಕೆ ಅಂತ ಕೇಳಿ. ಅಂತ್ಯಕ್ರಿಯೆಯ ದೃಶ್ಯವೊಂದನ್ನೇ ಅಣ್ಣನಿಗೆ ಮತ್ತೆ ಹಾಕಿ ತೋರಿಸಿ. ಅವನ ಮನಸ್ಸು ಬದಲಾಗಬೇಕಿಲ್ಲ. ಆದರೆ ಆಗ ಇಬ್ಬರೂ ಒಂದೇ ದೃಶ್ಯದ ಬಗ್ಗೆ ಮಾತಾಡುತ್ತೀರಿ.

ಕೊನೆಯ ಪ್ರಶ್ನೆ, ಎರಡಕ್ಕೇ ನಿಲ್ಲಿಸಬಹುದಾ? ಧಾರಾಳವಾಗಿ. ಸಿನಿಮಾ ಮಾಡುವವರೇ ಹಾಗೆ ಯೋಚಿಸಿದ್ದಾರೆ. 2015ರಲ್ಲಿ ನೀಲ್ ಬ್ಲೋಮ್‌ಕ್ಯಾಂಪ್ ಹಿಕ್ಸ್‌ನನ್ನು ಮರಳಿ ತರುವ, ಎರಡನೆಯದರ ಮುಂದುವರಿಕೆಯಾಗುವ ಸಿನಿಮಾಕ್ಕೆ ಹೊರಟಿದ್ದರು. ಅದು ಆಗಲಿಲ್ಲ. 1997ರ ನಾಲ್ಕನೆಯದರಲ್ಲಿ ರಿಪ್ಲಿಯನ್ನು ಕ್ಲೋನ್ ಮಾಡಿ ಮತ್ತೆ ತಂದರು. ಮೂರನೆಯದರ ಕೊನೆಯ ನಿರ್ಧಾರಕ್ಕೆ ಅದರಿಂದ ಬೆಲೆ ಕಡಿಮೆಯಾಯಿತು ಅಂತ ನನ್ನ ಬೇಸರ, ಅದನ್ನು ಬೇಕಾದರೆ ಬಿಟ್ಟುಬಿಡಿ. ಅಣ್ಣನಿಗೆ ಇನ್ನೊಂದು ದಾರಿ ಇದೆ. ಸೈನ್ಸ್ ಫಿಕ್ಷನ್ ಲೇಖಕ ವಿಲಿಯಂ ಗಿಬ್ಸನ್ ಮೂರನೇ ಸಿನಿಮಾಕ್ಕೆ ಅಂತ ಬರೆದು, ಬಳಕೆಯಾಗದೆ ಉಳಿದ ಚಿತ್ರಕತೆ 2019ರಲ್ಲಿ ಆಡಿಯೋ ನಾಟಕವಾಗಿ ಬಂದಿದೆ. ಹಿಕ್ಸ್ ಮತ್ತು ಬಿಷಪ್ ಪಾತ್ರಗಳಿಗೆ ಹಳೆಯ ನಟರಾದ ಮೈಕೆಲ್ ಬೀನ್, ಲ್ಯಾನ್ಸ್ ಹೆನ್ರಿಕ್ಸನ್ ಅವರೇ ದನಿ ಕೊಟ್ಟಿದ್ದಾರೆ. ಅದರಲ್ಲಿ ಹಿಕ್ಸ್ ಬದುಕಿದ್ದಾನೆ, ನ್ಯೂಟ್ ಕೂಡ ಬದುಕಿದ್ದಾಳೆ. ಆದರೆ ರಿಪ್ಲಿ ಹೆಚ್ಚಿನ ಹೊತ್ತು ಕೋಮಾದಲ್ಲಿರುತ್ತಾಳೆ, ಕತೆ ನಡೆಸುವವನು ಹಿಕ್ಸ್. ಅದನ್ನು ಕೇಳಿಸಿದ ಮೇಲೆ ಅಣ್ಣ ಏನಂದ ಅಂತ ನನಗೂ ಒಂದು ಸಾಲು ಬರೆಯಿರಿ.